ಯಂತ್ರವೂ ಸಮ್ಯಾರಿಟನ್ನೂ: ‘ಪರ್ಸನ್ ಆಫ್ ಇಂಟರೆಸ್ಟ್’ ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರ ಕಡೆಯ ನೋಡುಗರು ಮಾತಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲ ಭಾಗವನ್ನು ಒಂದು ಕಂತೂ ನೋಡದವರು ಧೈರ್ಯವಾಗಿ ಓದಬಹುದು. ಎರಡು ಮತ್ತು ಮೂರನೆಯ ಭಾಗದಲ್ಲಿ ಕಥೆಯ ಕೆಲವು ಎಳೆ ಹೊರಬೀಳುತ್ತವೆ. ನಾಲ್ಕನೆಯದು ಕೊನೆಯವರೆಗೆ ನೋಡಿದವರಿಗೆ ಮಾತ್ರ.

## ಮೊದಲ ಸಲ ನೋಡುವವರಿಗೆ

ಇದು ಎಂತ ಧಾರಾವಾಹಿ? ಪೊಲೀಸ್ ಕಥೆಯಾ, ಕಂಪ್ಯೂಟರ್ ಕಥೆಯಾ?

ಪೊಲೀಸ್ ಕಥೆಯ ಜಗುಲಿ ಹತ್ತಿ ಕಂಪ್ಯೂಟರ್ ಕಥೆಯ ನಡುಮನೆಗೆ ಹೋಗುತ್ತದೆ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2011ರ ಸೆಪ್ಟೆಂಬರ್ 22ರಿಂದ 2016ರ ಜೂನ್ 21ರವರೆಗೆ ಬಂದದ್ದು. ಐದು ಸೀಸನ್, 103 ಕಂತು. ಕಲ್ಪನೆ ಜೊನಾಥನ್ ನೋಲನ್ ಅವರದು. 2001ರ ನ್ಯೂಯಾರ್ಕ್ ದಾಳಿಯ ನಂತರ ಹೆರಾಲ್ಡ್ ಫಿಂಚ್ ಎಂಬವನು ಸರ್ಕಾರಕ್ಕಾಗಿ ಒಂದು ಯಂತ್ರ ಕಟ್ಟುತ್ತಾನೆ. ಫೋನು, ಮೇಲು, ಬೀದಿಯ ಕ್ಯಾಮೆರಾ ಎಲ್ಲವನ್ನೂ ಗಮನಿಸಿ ಭಯೋತ್ಪಾದಕ ದಾಳಿಯನ್ನು ಮೊದಲೇ ಹೇಳುವುದು ಅದರ ಕೆಲಸ. ಆದರೆ ಅದಕ್ಕೆ ಸಾಮಾನ್ಯರ ಕೊಲೆಗಳೂ ಕಾಣುತ್ತವೆ. ಸರ್ಕಾರಕ್ಕೆ ಅವು ಬೇಡ. ದಿನವೂ ನಡುರಾತ್ರಿ ಆ ಪಟ್ಟಿ ಅಳಿಸಿಹೋಗುತ್ತದೆ. ಅಳಿಸಿಹೋಗುವ ಆ ಜನರ ಹಿಂದೆ ಫಿಂಚ್ ಮತ್ತು ಮಾಜಿ ಸಿಐಎ ಏಜೆಂಟ್ ಜಾನ್ ರೀಸ್ ಹೊರಡುತ್ತಾರೆ. ಯಂತ್ರ ಕೊಡುವುದು ಒಂದು ಸೋಶಿಯಲ್ ಸೆಕ್ಯುರಿಟಿ ನಂಬರ್ ಮಾತ್ರ, ಅಂದರೆ ಅಮೆರಿಕದ ಸರ್ಕಾರ ಜನರಿಗೆ ಕೊಡುವ ಗುರುತಿನ ಸಂಖ್ಯೆ. ಆ ವ್ಯಕ್ತಿ ಸಾಯುವವನೋ ಸಾಯಿಸುವವನೋ ಎಂದು ಹೇಳುವುದಿಲ್ಲ. ಮೂರನೆಯ ಸೀಸನ್‌ನಲ್ಲಿ ಸಮ್ಯಾರಿಟನ್ ಎಂಬ ಎರಡನೆಯ ಯಂತ್ರ ಬರುತ್ತದೆ. ಅಲ್ಲಿಂದ ಮುಂದಿನದು ಇಬ್ಬರ ನಡುವಿನ ಕಾಳಗ.

103 ಕಂತು ಅಂದ್ರೆ ಯಾವಾಗ ಮುಗಿಸೂದು? ಎಐ ಕಥೆ ಇದ್ದದ್ದಷ್ಟೇ ಹೇಳಿ.

ಒಂದು ಕಂತು ಸುಮಾರು 43 ನಿಮಿಷ. ಒಟ್ಟು 74 ಗಂಟೆಯ ಹತ್ತಿರ. ಜೂನ್ 1ಕ್ಕೆ ಶುರು ಮಾಡಿ ರಾತ್ರಿಗೆ ಒಂದರಂತೆ ನೋಡಿದರೆ ಸೆಪ್ಟೆಂಬರ್ 11ಕ್ಕೆ ಮುಗಿಯುತ್ತದೆ, ಅಂದರೆ ನಮ್ಮ ಒಂದು ಮಳೆಗಾಲ. ಆಟದ ಮೇಳಗಳ ತಿರುಗಾಟವೂ ಆಗ ಇರುವುದಿಲ್ಲ.

ಅಷ್ಟು ಪುರಸೊತ್ತಿಲ್ಲದವರು ಮೊದಲ ಸೀಸನ್‌ನಲ್ಲಿ 1, 2, 7, 10, 11, 13, 22, 23. ಎರಡನೆಯದರಲ್ಲಿ 1, 2, 11, 16, 21, 22 ನೋಡಿ. ಮೂರನೆಯ ಸೀಸನ್‌ನಿಂದ ಒಂದನ್ನೂ ಬಿಡಬೇಡಿ. ಎರಡನೆಯ ಸೀಸನ್‌ನ 11ನೆಯದು ಮೇಲ್ನೋಟಕ್ಕೆ ಒಂದು ಶಾಲೆಯ ಕಥೆ, ಬಿಡಬಹುದು ಅನಿಸುತ್ತದೆ. ಅಲ್ಲಿ ಫಿಂಚ್ ಉಳಿಸುವ ಹುಡುಗ ನಾಲ್ಕನೆಯ ಸೀಸನ್‌ನ ಕೊನೆಗೆ ಯಂತ್ರವನ್ನೇ ಉಳಿಸಲು ಬೇಕಾಗುತ್ತಾನೆ. ನೇರವಾಗಿ ಮೂರನೆಯ ಸೀಸನ್‌ಗೆ ಹಾರಿದವರು ಸಾಮಾನ್ಯವಾಗಿ ಅರ್ಧಕ್ಕೆ ನಿಲ್ಲಿಸುತ್ತಾರೆ: ಯಂತ್ರದ ಮೇಲೆ ಪ್ರೀತಿ ಹುಟ್ಟದೆ ಸಮ್ಯಾರಿಟನ್ ಮೇಲೆ ಭಯ ಹುಟ್ಟುವುದಿಲ್ಲ.

ನೋಡುವ ಜಾಗದಲ್ಲಿ ಕಂತುಗಳ ಲೆಕ್ಕ 23, 22, 23, 22, 13 ಇದೆಯೇ ನೋಡಿಕೊಳ್ಳಿ. ಕಡಿಮೆ ಇದ್ದರೆ ಎಲ್ಲೋ ಒಂದು ಬಿಟ್ಟುಹೋಗಿದೆ.

ನಂಗೆ ಇಂಗ್ಲಿಷ್ ಅಷ್ಟು ಬರೂದಿಲ್ಲ. ಕಥೆ ತಿಳೀತದಾ?

ತಿಳಿಯುತ್ತದೆ, ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡರೆ. ರೀಸ್ ಪಿಸುಮಾತಿನಲ್ಲೇ ಮಾತಾಡುವ ಪಾತ್ರ, ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಕಿವಿ ಸಾಲುವುದಿಲ್ಲ. ಐದು ಮಾತು ಗೊತ್ತಿದ್ದರೆ ಮುಕ್ಕಾಲು ಪಾಲು ದಾರಿ ಸಲೀಸು. ‘ನಂಬರ್’ ಅಂದರೆ ಅಪಾಯದಲ್ಲಿ ಸಿಕ್ಕಿದ ಅಥವಾ ಅಪಾಯ ಮಾಡಲಿರುವ ವ್ಯಕ್ತಿ. ‘ರೆಲವೆಂಟ್’ ಅಂದರೆ ಸರ್ಕಾರಕ್ಕೆ ಬೇಕಾದವರು, ‘ಇರ್ರೆಲವೆಂಟ್’ ಅಂದರೆ ಬೇಡವಾದವರು. ‘ಅಡ್ಮಿನ್’ ಅಂದರೆ ಯಂತ್ರದ ಮಟ್ಟಿಗೆ ಫಿಂಚ್. ‘ಅಸೆಟ್’ ಅಂದರೆ ಯಂತ್ರದ ಕಡೆಯ ಜನ. ಪರದೆಯ ಮೂಲೆಯಲ್ಲಿ ಹಾದುಹೋಗುವ ಸಣ್ಣ ಅಕ್ಷರಗಳನ್ನು ಓದಲು ನಿಲ್ಲಿಸಿ ನೋಡಿ. ಎಷ್ಟೋ ಗುಟ್ಟು ಅಲ್ಲಿಯೇ ಇರುತ್ತವೆ.

ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಹೇಗೆ ನೋಡೂದು?

ಬೆಳಗ್ಗೆ ನೆಟ್ ಇದ್ದಾಗ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಸಾಧಾರಣ ಗುಣಮಟ್ಟದಲ್ಲಿ ಒಂದು ಕಂತಿಗೆ ಸುಮಾರು ಅರ್ಧ ಜಿಬಿ. ತುಂಬ ಕೆಳಗಿನ ಗುಣಮಟ್ಟ ಬೇಡ, ಯಂತ್ರದ ಪರದೆಯ ಸಣ್ಣ ಅಕ್ಷರ ಕಲಸಿಹೋಗುತ್ತದೆ. ವೈಫೈ ಇರುವ ಮನೆಯಲ್ಲಿ ರೂಟರಿಗೆ ಸಣ್ಣ ಯುಪಿಎಸ್ ಸಾಕು. ಆದರೆ ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದ ವೋಲ್ಟೇಜ್ ಓದಿ. ಹೆಚ್ಚಿನವು 12 ವೋಲ್ಟ್, ಕೆಲವು 9. ತಪ್ಪಿದರೆ ರೂಟರ್ ಸುಡುತ್ತದೆ.

ಮಕ್ಕಳ ಎದುರಿಗೆ ಹಾಕಬಹುದಾ?

ಬಹುತೇಕ ಪ್ರತಿ ಕಂತಿನಲ್ಲೂ ಗುಂಡು ಹಾರುತ್ತದೆ, ಕೆಲವು ಕಡೆ ಚಿತ್ರಹಿಂಸೆಯೂ ಇದೆ. ಹೈಸ್ಕೂಲು ದಾಟಿದವರಿಗೆ ಸರಿ.

## ಕಥೆಯ ಒಳಗೆ

ಜನರ ಮುಖದ ಸುತ್ತ ಬೇರೆ ಬೇರೆ ಬಣ್ಣದ ಚೌಕ ಬರ್ತದಲ್ಲ, ಎಂತಕ್ಕೆ?

ಅದು ಯಂತ್ರದ ಕಣ್ಣು. ಬಿಳಿ ಚೌಕ ಸಾಮಾನ್ಯರಿಗೆ. ಹಳದಿ, ಯಂತ್ರ ಇದೆ ಎಂದು ಗೊತ್ತಿರುವವರಿಗೆ. ಕೆಂಪು, ಯಾರಿಗಾದರೂ ಕೇಡು ಮಾಡಲಿರುವವರಿಗೆ. ನೀಲಿ, ಸರ್ಕಾರದ ಗುಪ್ತ ದಳದವರಿಗೆ. ಒಬ್ಬನ ಚೌಕ ಬಿಳಿಯಿಂದ ಹಳದಿಗೆ ತಿರುಗಿದರೆ ಅವನಿಗೆ ಗುಟ್ಟು ತಿಳಿಯಿತು ಎಂದೇ ಅರ್ಥ, ಸಂಭಾಷಣೆ ಅದನ್ನು ಹೇಳಬೇಕಾಗಿಲ್ಲ. ಸಮ್ಯಾರಿಟನ್ ನೋಡುವಾಗ ಗುರುತುಗಳ ಆಕಾರವೇ ಬದಲಾಗುತ್ತದೆ. ಅದು ಮನುಷ್ಯರ ಜೊತೆ ಮಾತಾಡುವುದು ಬಿಳಿ ಪರದೆಯ ಮೇಲಿನ ಕಪ್ಪು ಅಕ್ಷರದಲ್ಲಿ, ಕೆಳಗೊಂದು ಕೆಂಪು ತ್ರಿಕೋನ ಮಿಣುಗುತ್ತದೆ. ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬುದು ತಪ್ಪಿದರೆ ನಾಲ್ಕನೆಯ ಸೀಸನ್ ಪೂರ್ತಿ ಗೊಂದಲ.

ಅಷ್ಟು ದೊಡ್ಡ ಯಂತ್ರ ನಾಣ್ಯ ಹಾಕುವ ಫೋನಿಗೆ ಎಂತಕ್ಕೆ ಕರೆ ಮಾಡ್ತದೆ?

ಮೇಲ್ ಕಳಿಸಿದರೆ ಜಾಡು ಉಳಿಯುತ್ತದೆ. ಬೀದಿಯ ಫೋನು ಯಾರ ಹೆಸರಿನಲ್ಲೂ ಇಲ್ಲ. ಪೇಟೆ ಅಂಗಡಿಯ ಮುಂದಿದ್ದ ಕೆಂಪು ಕಾಯಿನ್ ಡಬ್ಬಿ ನೆನಪಿಸಿಕೊಳ್ಳಿ, ಅದರಿಂದ ಕರೆ ಬಂದರೆ ಯಾರು ಮಾಡಿದ್ದೆಂದು ತಿಳಿಯುತ್ತಿರಲಿಲ್ಲ. ಇಲ್ಲಿ ಯಂತ್ರ ಅಂಕಿಯನ್ನು ನೇರ ಹೇಳುವುದೂ ಇಲ್ಲ. ಅದು ಹೇಳುವ ಪದಗಳಿಂದ ಫಿಂಚ್ ಪುಸ್ತಕಗಳನ್ನು ಗುರುತಿಸುತ್ತಾನೆ. ಆ ಪುಸ್ತಕಗಳ ಡ್ಯೂಯಿ ವರ್ಗೀಕರಣದ ಅಂಕಿಗಳು ಸೇರಿ ಒಂಬತ್ತು ಅಂಕಿಯ ನಂಬರ್ ಆಗುತ್ತದೆ. ಅವನು ಬಿಟ್ಟುಹೋದ ಗ್ರಂಥಾಲಯದಲ್ಲಿ ಅಡಗಿದ್ದಕ್ಕೆ ಇದೂ ಕಾರಣ. ಡ್ಯೂಯಿ ಎಂದರೆ ಗ್ರಂಥಾಲಯದ ಪುಸ್ತಕದ ಬೆನ್ನಿಗೆ ಅಂಟಿಸುವ ಸಂಖ್ಯೆ. ಕನ್ನಡ ಸಾಹಿತ್ಯಕ್ಕೆ ಅದರಲ್ಲಿ 894.814.

ಸಮ್ಯಾರಿಟನ್ ಅಂದ್ರೆ ಎಂತ? ಕಂತಿನ ಹೆಸರುಗಳೂ ವಿಚಿತ್ರ ಇವೆ.

ಬೈಬಲ್‌ನ ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿ ಆರೈಕೆ ಮಾಡುವ ಸಮಾರ್ಯದವನ ಕಥೆ ಇದೆ. ಕಾರವಾರ, ಹೊನ್ನಾವರದ ಕ್ರೈಸ್ತರ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ. ಉಪಕಾರಿಯ ಹೆಸರನ್ನು ಈ ಯಂತ್ರಕ್ಕೆ ಇಟ್ಟಿದ್ದರಲ್ಲೇ ಅದರ ವಾದ ಅಡಗಿದೆ: ನಾನು ನಿಮ್ಮ ಒಳಿತಿಗೇ ಬಂದಿದ್ದೇನೆ.

ಉಳಿದ ಹೆಸರುಗಳನ್ನೂ ಹೀಗೇ ಬಿಡಿಸಬಹುದು. ‘ಲೀಥಿ’ ಗ್ರೀಕರ ಮರೆವಿನ ನದಿ, ಅದರ ಮುಂದಿನ ಕಂತು ‘ಅಲಿಥಿಯಾ’ ಅಂದರೆ ಸತ್ಯ, ಮರೆವಿಲ್ಲದ್ದು. ಸಮ್ಯಾರಿಟನ್ ಕಟ್ಟಿದ ಆರ್ಥರ್ ಕ್ಲೇಪೂಲ್ ಮಿದುಳಿನ ಗೆಡ್ಡೆಯಿಂದ ನೆನಪು ಕಳೆದುಕೊಳ್ಳುತ್ತಿರುವುದು ಈ ಎರಡು ಕಂತುಗಳಲ್ಲಿ. ‘ಡಿಯುಸ್ ಎಕ್ಸ್ ಮಾಕಿನಾ’ ಎಂದರೆ ಹಳೆಯ ಗ್ರೀಕ್ ನಾಟಕದಲ್ಲಿ ರಾಟೆ ಕಟ್ಟಿ ರಂಗಕ್ಕೆ ಇಳಿಸುವ ದೇವರು. ‘ರಿಟರ್ನ್ 0’ ಪ್ರೋಗ್ರಾಮರುಗಳ ಮಾತು: ಒಂದು ಪ್ರೋಗ್ರಾಂ ತಪ್ಪಿಲ್ಲದೆ ಮುಗಿದರೆ ಸೊನ್ನೆ ಹಿಂದಿರುಗಿಸುತ್ತದೆ. ಅದು ಕೊನೆಯ ಕಂತಿನ ಹೆಸರು.

ಎರಡೂ ಎಲ್ಲರನ್ನೂ ಕದ್ದು ನೋಡ್ತವೆ. ಮತ್ತೆ ಒಂದು ಒಳ್ಳೇದು, ಇನ್ನೊಂದು ಕೆಟ್ಟದ್ದು ಹೇಗೆ?

ಧಾರಾವಾಹಿಯ ಜೀವ ಇರುವುದು ಈ ಪ್ರಶ್ನೆಯಲ್ಲಿ. ನೋಡುವುದರಲ್ಲಿ ಎರಡಕ್ಕೂ ಭೇದವಿಲ್ಲ. ನೋಡಿದ ಮೇಲೆ ಏನು ಮಾಡಬಹುದು ಎಂಬಲ್ಲಿ ಭೇದ.

ಫಿಂಚ್ ತನ್ನ ಯಂತ್ರವನ್ನು ಬೀಗ ಹಾಕಿದ ಪೆಟ್ಟಿಗೆಯ ಹಾಗೆ ಕಟ್ಟಿದ. ಸರ್ಕಾರವೂ ಒಳಗೆ ಇಣುಕುವಂತಿಲ್ಲ, ಇಂಥವನ ಬಗ್ಗೆ ಹೇಳು ಎಂದು ಕೇಳುವಂತಿಲ್ಲ. ಹೊರಗೆ ಬರುವುದು ಒಂಬತ್ತು ಅಂಕಿ. ಉಳಿದ ವಿಚಾರಣೆ ಮನುಷ್ಯರೇ ಮಾಡಬೇಕು, ತಪ್ಪಿದರೆ ಹೊಣೆಯೂ ಅವರದೇ. ಸಮ್ಯಾರಿಟನ್ ತೆರೆದ ಪೆಟ್ಟಿಗೆ. ಯಾರ ಬಗ್ಗೆ ಬೇಕಾದರೂ ಕೇಳಬಹುದು, ತೋರಿಸುತ್ತದೆ. ಸರ್ಕಾರ ಅದನ್ನು ಬಯಸಿದ್ದೇ ಅದಕ್ಕೆ. ಅದನ್ನು ಚಾಲೂ ಮಾಡಿದ ಗ್ರಿಯರ್ ಮಾತ್ರ ಬಯಸಿದ್ದು ಬೇರೆ: ಅದಕ್ಕೆ ಅಪ್ಪಣೆ ಕೊಡುವುದಲ್ಲ, ಅದರ ಅಪ್ಪಣೆ ಪಡೆಯುವುದು.

ನಾಲ್ಕನೆಯ ಸೀಸನ್‌ನ 10ನೆಯ ಕಂತಿನಲ್ಲಿ ಎರಡೂ ಎದುರುಬದುರು ಕೂರುತ್ತವೆ. ಯಂತ್ರದ ಪರವಾಗಿ ಅದನ್ನು ದೇವರಂತೆ ಕಾಣುವ ಹ್ಯಾಕರ್ ರೂಟ್, ಸಮ್ಯಾರಿಟನ್ ಪರವಾಗಿ ಗೇಬ್ರಿಯಲ್ ಎಂಬ ಸಣ್ಣ ಹುಡುಗ. ವೇಷವಿಲ್ಲ, ಬರೀ ಮಾತು. ನಮ್ಮ ತಾಳಮದ್ದಳೆಯನ್ನು ಕೇಳಿದವರಿಗೆ ಈ ದೃಶ್ಯದ ಬಿಗಿ ತಟ್ಟನೆ ತಿಳಿಯುತ್ತದೆ. ಆ ಕಂತಿನಲ್ಲೇ ಸಮ್ಯಾರಿಟನ್ ಒಂದು ದಿನ ನ್ಯೂಯಾರ್ಕಿನಲ್ಲಿ ಅಪರಾಧ ನಡೆಯದಂತೆ ಮಾಡಿ ತೋರಿಸುತ್ತದೆ. ಮರುದಿನ ಎಲ್ಲರ ಗುಟ್ಟು ಹೊರಗೆ ಬಿಟ್ಟು ಊರನ್ನು ಕಲಕುತ್ತದೆ. ಮೊದಲನೆಯದನ್ನು ಮಾಡಬಲ್ಲ ಕೈಯೇ ಎರಡನೆಯದನ್ನೂ ಮಾಡಬಲ್ಲದು.

ಯಂತ್ರಕ್ಕೆ ‘ಅದು’ ಅನ್ನೂದಾ, ‘ಅವಳು’ ಅನ್ನೂದಾ?

ರೂಟ್ ಹೆಣ್ಣೆಂದು ಕರೆಯುತ್ತಾಳೆ, ಫಿಂಚ್ ವಸ್ತುವೆಂದು. ಇಂಗ್ಲಿಷಿನಲ್ಲಿ ಆ ಎರಡು ಪದದ ನಡುವೆ ಇಡೀ ಜಗಳವಿದೆ. ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೂ ‘ಅದು’ ಎನ್ನುವುದುಂಟು, ಅದರಲ್ಲಿ ಅಗೌರವವಿಲ್ಲ. ಹಾಗಾಗಿ ಶಿರಸಿ ಕಡೆಯ ಚರ್ಚೆಯಲ್ಲಿ ಈ ಭೇದ ತಾನಾಗಿ ಅಳಿಸಿಹೋಗುತ್ತದೆ. ರೂಟ್ ಮಾತನ್ನು ಕನ್ನಡದಲ್ಲಿ ಹೇಳುವಾಗ ಬೇಕೆಂದೇ ‘ಅವಳು’ ಎನ್ನಿ, ಇಲ್ಲದಿದ್ದರೆ ಆ ಪಾತ್ರದ ಭಕ್ತಿ ಕಾಣುವುದಿಲ್ಲ.

## ತಂತ್ರದ ಪ್ರಶ್ನೆಗಳು

ಇಂಥ ಯಂತ್ರ ಈಗ ಕಟ್ಟಬಹುದಾ?

ನೋಡುವ ಭಾಗವನ್ನು ಕಟ್ಟಬಹುದು. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಜನರ ಮಾಹಿತಿ ಎಷ್ಟು ಸಂಗ್ರಹಿಸುತ್ತದೆ ಎಂಬುದನ್ನು ಎಡ್ವರ್ಡ್ ಸ್ನೋಡನ್ 2013ರ ಜೂನ್‌ನಲ್ಲಿ ಹೊರಗೆ ತಂದಾಗ ಈ ಧಾರಾವಾಹಿಯ ಎರಡು ಸೀಸನ್ ಆಗಲೇ ಮುಗಿದಿದ್ದವು. ಕಷ್ಟ ಇರುವುದು ಮೊದಲೇ ಹೇಳುವ ಭಾಗದಲ್ಲಿ, ಅದಕ್ಕೆ ಲೆಕ್ಕವೇ ಅಡ್ಡ.

2011ರ ಜನಗಣತಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14,37,169. ಇವರಲ್ಲಿ ಈಗ ಹತ್ತು ಜನ ಕೊಲೆಗೆ ಹೊಂಚು ಹಾಕಿದ್ದಾರೆ ಎಂದು ಇಟ್ಟುಕೊಳ್ಳಿ. ಯಂತ್ರ ಹತ್ತೂ ಜನರನ್ನು ಹಿಡಿಯುತ್ತದೆ, ನಿರಪರಾಧಿಗಳ ವಿಷಯದಲ್ಲಿ ನೂರಕ್ಕೆ ಒಂದು ಸಲ ಮಾತ್ರ ತಪ್ಪುತ್ತದೆ. ಕೇಳಲು ಬಹಳ ಒಳ್ಳೆಯ ಯಂತ್ರ. ಆದರೆ ನೂರಕ್ಕೆ ಒಂದು ಎಂದರೆ ಸುಮಾರು 14,370 ನಿರಪರಾಧಿಗಳು. ಪಟ್ಟಿಯಲ್ಲಿ 14,380 ಹೆಸರು, ಅದರಲ್ಲಿ ಹತ್ತು ಸರಿ. ರೀಸ್ ದಿನಕ್ಕೊಬ್ಬರಂತೆ ಬೆನ್ನು ಹತ್ತಿದರೆ 39 ವರ್ಷ ಬೇಕು. ತಪ್ಪು ಹೆಸರುಗಳೂ ಹತ್ತೇ ಇರಬೇಕು ಎಂದರೆ ಯಂತ್ರ ಹತ್ತು ಲಕ್ಷ ಜನರಲ್ಲಿ ಏಳು ಸಲ ಮಾತ್ರ ತಪ್ಪಬೇಕು. ಕೊಲೆ ಅಪರೂಪದ ಘಟನೆ, ಕಲಿಯಲು ಉದಾಹರಣೆಗಳೂ ಕಡಿಮೆ. ಹಾಗಾಗಿ ಆ ಮಟ್ಟ ಕೈಗೆ ಸಿಗದು. ‘ಯಂತ್ರ ತಪ್ಪುವುದಿಲ್ಲ’ ಎಂಬ ಒಂದೇ ಒಂದು ಮಾತನ್ನು ಧಾರಾವಾಹಿ ನಮ್ಮಿಂದ ಒಪ್ಪಿಸಿಕೊಳ್ಳುತ್ತದೆ. ಒಪ್ಪಿದ ಮೇಲೆ ಉಳಿದದ್ದನ್ನು ಪ್ರಾಮಾಣಿಕವಾಗಿ ಕಟ್ಟಿದೆ.

ಪಕ್ಕದಲ್ಲಿ ನಿಂತು ಒಂದು ಬಟನ್ ಒತ್ತಿದ್ರೆ ಫೋನು ಕದಿಯಲಿಕ್ಕೆ ಆಗ್ತದಾ?

ಧಾರಾವಾಹಿಯಲ್ಲಿ ಬ್ಲೂಟೂತ್ ಜೋಡಿಸಿ ಪಕ್ಕದವರ ಫೋನಿನ ಕರೆ, ಮೆಸೇಜು ಕದಿಯುವುದನ್ನು ತೋರಿಸಿದ ಹಾಗೆ ನಿಜದಲ್ಲಿ ಆಗುವುದಿಲ್ಲ. ಬ್ಲೂಟೂತ್ ಜೋಡಿಸಲು ನಿಮ್ಮ ಫೋನು ಒಪ್ಪಿಗೆ ಕೇಳುತ್ತದೆ. ಜೋಡಿಸಿದರೂ ಕರೆ, ಮೆಸೇಜು, ಮೈಕು ಎಲ್ಲ ಒಟ್ಟಿಗೆ ಸಿಗುವುದಿಲ್ಲ. ಗೊತ್ತಿಲ್ಲದ ಜೋಡಣೆಯ ಕೋರಿಕೆ ಬಂದರೆ ಬೇಡ ಎನ್ನಿ, ಬೇಡದಾಗ ಬ್ಲೂಟೂತ್ ಆರಿಸಿಡಿ.

ಫ್ಯಾರಡೆ ಪಂಜರ ನಿಜವಾ? ಸ್ಟೀಲ್ ಡಬ್ಬಿಯಲ್ಲಿ ಇಟ್ರೂ ಫೋನ್ ರಿಂಗಾಯ್ತು.

ತತ್ವ ನಿಜ, ಡಬ್ಬಿಯ ಮುಚ್ಚಳ ಸುಳ್ಳು ಮಾಡಿತು. ಫ್ಯಾರಡೆ ಪಂಜರ ಅಂದರೆ ಸುತ್ತಲೂ ಲೋಹ ಇರುವ ಪೆಟ್ಟಿಗೆ, ಅದರ ಗೋಡೆ ರೇಡಿಯೊ ಅಲೆಯನ್ನು ತಡೆಯುತ್ತದೆ. ಆದರೆ ಸೀಳು ಇದ್ದರೆ ಸೋರುತ್ತದೆ, ಸೀಳಿನ ಅಗಲಕ್ಕಿಂತ ಉದ್ದ ಮುಖ್ಯ. ಮೊಬೈಲಿನ 1800 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್. ಅದರ ಅರ್ಧದಷ್ಟು ಉದ್ದದ ತೆಳು ಸೀಳು ಸಾಕು, ಮುಚ್ಚಳದ ಸುತ್ತಲಿನ ಸಂದು ಅದಕ್ಕಿಂತ ಎಷ್ಟೋ ಉದ್ದ.

ಮಾಡಿ ನೋಡಬೇಕೆಂದರೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಮೂರು ಸುತ್ತು ಸುತ್ತಿ, ಪ್ರತಿ ಅಂಚನ್ನೂ ಎರಡು ಸಲ ಮಡಚಿ ಒತ್ತಿ. ಇನ್ನೊಂದು ಫೋನಿನಿಂದ ಕರೆ ಮಾಡಿ. ರಿಂಗಾದರೆ ಎಲ್ಲೋ ಅಂಚು ಬಿಟ್ಟಿದೆ ಅಥವಾ ಮೂಲೆ ಹರಿದಿದೆ. ಬಹಳ ಹೊತ್ತು ಹಾಗೇ ಇಡಬೇಡಿ. ಸಿಗ್ನಲ್ ಹುಡುಕುತ್ತ ಫೋನು ಪೂರ್ತಿ ಶಕ್ತಿ ಹಾಕುತ್ತದೆ, ಬ್ಯಾಟರಿ ಇಳಿಯುತ್ತದೆ, ಬಿಸಿಯಾಗುತ್ತದೆ.

ಯಂತ್ರ ಕರೆಂಟ್ ಕಂಬದಲ್ಲಿ ಅಡಗಿತ್ತು ಅಂತಾರೆ. ಲೈನಿನಲ್ಲಿ ಕಂಪ್ಯೂಟರ್ ಇರೂದು ಸಾಧ್ಯವಾ?

ಕಂಬಕ್ಕೆ ಪೆಟ್ಟಿಗೆ ಕಟ್ಟಿ ಅದರಲ್ಲಿ ಸಣ್ಣ ಕಂಪ್ಯೂಟರ್ ಇಡಬಹುದು. ವಿದ್ಯುತ್ ತಂತಿಯ ಮೇಲೆ ದತ್ತಾಂಶ ಕಳಿಸುವುದೂ ನಿಜವಾದ ತಂತ್ರವೇ. ತೊಡಕು ಟ್ರಾನ್ಸ್‌ಫಾರ್ಮರಿನಲ್ಲಿ. ಅದು 50 ಹರ್ಟ್ಸ್‌ಗೆ ಮಾಡಿದ ಸಾಧನ, ದತ್ತಾಂಶ ಸಾಗಿಸುವ ಹೆಚ್ಚಿನ ಆವರ್ತನದ ಸಂಕೇತ ಅಲ್ಲಿ ಸೊರಗಿಹೋಗುತ್ತದೆ. ಪ್ರತಿ ಟ್ರಾನ್ಸ್‌ಫಾರ್ಮರಿಗೂ ಒಂದು ಬಳಸುದಾರಿ ಬೇಕು. ಘಟ್ಟದ ಲೈನಿನ ಮೇಲೆ ಮರ ಬಿದ್ದರೆ ಆ ತುಂಡು ಬೇರೆಯಾಗಿಬಿಡುತ್ತದೆ.

ಮುಂದೆ ಯಂತ್ರವನ್ನು ಒಂದು ಸೂಟ್‌ಕೇಸಿಗೆ ಇಳಿಸುವಾಗ ಬ್ಯಾಟರಿ ಹೋದರೆ ಎಲ್ಲ ಹೋಯಿತು ಎನ್ನುವುದು ಮಾತ್ರ ಸರಿಯಾದ ವಿವರ. ರ‍್ಯಾಮ್ ಚಿಪ್ ತನ್ನೊಳಗಿನದನ್ನು ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ಬರೆದುಕೊಳ್ಳುತ್ತಿರಬೇಕು. ವಿದ್ಯುತ್ ನಿಂತರೆ ನೆನಪೂ ನಿಲ್ಲುತ್ತದೆ.

ಚೆಸ್ ಕಲಿಸುವ ಕಂತು ಎಲ್ಲರೂ ಹೊಗಳ್ತಾರೆ. ಅದರಲ್ಲಿ ಅಂಥದ್ದೇನು?

ನಾಲ್ಕನೆಯ ಸೀಸನ್‌ನ 11ನೆಯದು, ‘ಇಫ್-ದೆನ್-ಎಲ್ಸ್’, 2015ರ ಜನವರಿ 6ರಂದು ಬಂದದ್ದು. ಸಿಕ್ಕಿಬಿದ್ದ ತಂಡವನ್ನು ಪಾರು ಮಾಡಲು ಯಂತ್ರ ಕೆಲವೇ ಕ್ಷಣಗಳಲ್ಲಿ ಸಾವಿರಾರು ದಾರಿಗಳನ್ನು ಮನಸ್ಸಿನಲ್ಲೇ ಆಡಿ ನೋಡುತ್ತದೆ. ಎಲ್ಲ ದಾರಿ ನೋಡುವುದು ಯಾಕೆ ಆಗದು ಎಂಬುದಕ್ಕೆ ಚೆಸ್ಸೇ ಉತ್ತರ. ಬಿಳಿಯ ಮೊದಲ ನಡೆಗೆ 20 ದಾರಿ, ಕಪ್ಪೂ ನಡೆದ ಮೇಲೆ 400, ಮೂರನೆಯ ನಡೆಗೆ 8,902, ನಾಲ್ಕನೆಯದಕ್ಕೆ 1,97,281. ಒಟ್ಟು ಆಟಗಳನ್ನು ಕ್ಲಾಡ್ ಶ್ಯಾನನ್ 1950ರಲ್ಲಿ 1ರ ಮುಂದೆ 120 ಸೊನ್ನೆ ಎಂದು ಅಂದಾಜು ಮಾಡಿದರು.

ಹೊತ್ತು ಸಾಲದಾದಾಗ ಯಂತ್ರ ಲೆಕ್ಕವನ್ನು ಮೊಟಕು ಮಾಡುತ್ತದೆ. ಆಗ ಪಾತ್ರಗಳು ತಮ್ಮ ಮಾತನ್ನಾಡದೆ, ತಾವು ಎಂಥ ಮಾತು ಆಡುತ್ತಿದ್ದೇವೆ ಎಂಬ ವರ್ಣನೆಯನ್ನೇ ಆಡುತ್ತವೆ. ನಗು ಬರುತ್ತದೆ, ಜೊತೆಗೆ ಯಂತ್ರಕ್ಕೆ ಈ ಜನ ಎಷ್ಟು ಚೆನ್ನಾಗಿ ಗೊತ್ತು ಎಂದೂ ತಿಳಿಯುತ್ತದೆ. ಆದರೆ ಕಂತಿನ ಹೃದಯ ಇರುವುದು ಹಳೆಯ ದೃಶ್ಯದಲ್ಲಿ. ಚೆಸ್‌ನಲ್ಲಿ ಕಾಲಾಳಿಗೆ ಬೆಲೆ ಕಡಿಮೆ, ಮನುಷ್ಯರನ್ನು ಹಾಗೆ ನೋಡಬೇಡ ಎಂದು ಫಿಂಚ್ ಯಂತ್ರಕ್ಕೆ ಹೇಳಿಕೊಡುವಲ್ಲಿ. ಸಮ್ಯಾರಿಟನ್‌ಗೆ ಈ ಪಾಠ ಯಾರೂ ಮಾಡಲಿಲ್ಲ.

ಆ ನಂಬರ್ ನಮ್ಮ ಆಧಾರ್ ಹಾಗೇ ಅಲ್ಲವಾ?

ಆಧಾರ್ 12 ಅಂಕಿ, ಅವುಗಳಲ್ಲಿ ಕೊನೆಯದು ಉಳಿದವನ್ನು ತಾಳೆ ನೋಡುವ ಅಂಕಿ. ಸಂಖ್ಯೆಯಿಂದ ಊರು, ಜಾತಿ, ವಯಸ್ಸು ಏನೂ ತಿಳಿಯದು. ಅಮೆರಿಕದ್ದು 9 ಅಂಕಿ. 2011ರ ಜೂನ್ 25ಕ್ಕೆ ಮೊದಲು ಕೊಟ್ಟವುಗಳಲ್ಲಿ ಮೊದಲ ಮೂರು ಅಂಕಿ ರಾಜ್ಯವನ್ನು ಸೂಚಿಸುತ್ತಿದ್ದವು. ಖಾಸಗಿತನದ ಮಾತು ಬಂದಾಗ ಒಂದು ಹೆಸರು ಇಲ್ಲಿ ಹೇಳಲೇಬೇಕು: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು 2012ರಲ್ಲಿ ಹಾಕಿದ ಅರ್ಜಿಯ ಮೇಲೆಯೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು.

## ಕೊನೆಯವರೆಗೆ ನೋಡಿದವರಿಗೆ

ಆ ಕಾಂಗ್ರೆಸ್ ಸದಸ್ಯನನ್ನು ಕೊಂದಿದ್ರೆ ಎಲ್ಲ ಅಲ್ಲಿಗೇ ಮುಗೀತಿತ್ತಲ್ಲ?

ಮೂರನೆಯ ಸೀಸನ್‌ನ 20ನೆಯ ಕಂತು. ಮೆಕೋರ್ಟ್ ಸತ್ತರೆ ಸಮ್ಯಾರಿಟನ್ ಬರುವುದಿಲ್ಲ. ಯಂತ್ರ ಅವನ ನಂಬರ್ ಕೊಟ್ಟದ್ದು ಕೊಲ್ಲಲಿ ಎಂದೇ ಎಂಬುದು ತಂಡಕ್ಕೆ ಅರ್ಥವಾಗುತ್ತದೆ. ಫಿಂಚ್ ಒಪ್ಪುವುದಿಲ್ಲ. ಅವನನ್ನು ಬಿಟ್ಟು ಬರುತ್ತಾರೆ. ಆಮೇಲೆ ಸತ್ತವರನ್ನೆಲ್ಲ ಎಣಿಸಿ ಫಿಂಚ್‌ನನ್ನು ಬೈಯುವವರು ಬಹಳ.

ಭೀಷ್ಮನ ಪ್ರತಿಜ್ಞೆಯ ಬಗ್ಗೆ ನಮ್ಮಲ್ಲಿ ನಡೆಯುವ ವಾದವೂ ಇದೇ ಜಾಡಿನದು. ವ್ರತ ಮುರಿದಿದ್ದರೆ ಕುಲ ಉಳಿಯುತ್ತಿತ್ತು, ಮುರಿದವನು ಭೀಷ್ಮನಾಗಿ ಉಳಿಯುತ್ತಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಫಿಂಚ್ ಮಾಡಿದ್ದು ಸರಿ. ಮುಂದಾಗುವ ಕೇಡಿನ ಲೆಕ್ಕ ಹಿಡಿದು ನಿರಾಯುಧನನ್ನು ಕೊಲ್ಲುವುದು ಸಮ್ಯಾರಿಟನ್‌ನ ಪದ್ಧತಿ. ಅವತ್ತು ಕೊಂದಿದ್ದರೆ ಎರಡು ಯಂತ್ರದ ನಡುವೆ ಭೇದ ಉಳಿಯುತ್ತಿರಲಿಲ್ಲ. ಬೆಲೆ ಮಾತ್ರ ದೊಡ್ಡದಾಯಿತು, ಅದನ್ನು ಧಾರಾವಾಹಿ ಮುಚ್ಚಿಡಲಿಲ್ಲ.

ಏಳು ಜನರನ್ನು ಸಮ್ಯಾರಿಟನ್ ಕಣ್ಣಿಂದ ಮರೆಮಾಡಿದ್ರು. ಫಸ್ಕೋನನ್ನು ಎಂತಕ್ಕೆ ಬಿಟ್ರು?

ರೂಟ್ ಏಳು ಸರ್ವರ್ ಇಟ್ಟು ಏಳು ಗುರುತುಗಳಿಗೆ ಮಾತ್ರ ಕುರುಡು ಮಾಡಿದಳು: ಫಿಂಚ್, ರೀಸ್, ಶಾ, ರೂಟ್, ಮತ್ತೆ ಅವಳಿಗೆ ನೆರವಾದ ಮೂವರು. ಫಸ್ಕೋಗೆ ಯಂತ್ರದ ವಿಷಯವೇ ಗೊತ್ತಿರಲಿಲ್ಲ, ಸಮ್ಯಾರಿಟನ್ ಅವನನ್ನು ಹುಡುಕುತ್ತಲೂ ಇರಲಿಲ್ಲ. ತಿಳಿಯದಿರುವುದೇ ಅವನಿಗೆ ಮರೆ. ಐದನೆಯ ಸೀಸನ್‌ನಲ್ಲಿ ಅವನು ಸತ್ಯ ಹೇಳಿ ಎಂದು ಹಟ ಹಿಡಿದಾಗ ಫಿಂಚ್ ಹಿಂಜರಿಯುವುದು ಇದಕ್ಕೇ.

ದಿನಾ ರಾತ್ರಿ ನೆನಪು ಅಳಿಸಿದ್ರೂ ಯಂತ್ರಕ್ಕೆ ಎಲ್ಲ ಹೇಗೆ ನೆನಪಿರ್ತಿತ್ತು?

ಥಾರ್ನ್‌ಹಿಲ್ ಎಂಬ ಇಲ್ಲದ ಮನುಷ್ಯನ ಹೆಸರಿನಲ್ಲಿ ಅದು ಒಂದು ಕಂಪನಿ ತೆರೆಯಿತು. ಅಳಿಯುವ ಮೊದಲು ತನ್ನ ನೆನಪನ್ನು ಕಾಗದದ ಮೇಲೆ ಮುದ್ರಿಸಿತು. ಸಂಬಳದ ಗುಮಾಸ್ತರು ಅದನ್ನು ಮರುದಿನ ಕೀಲಿಮಣೆಯಲ್ಲಿ ಮತ್ತೆ ಹೊಡೆದು ತುಂಬಿದರು. ತಾವು ಏನು ಹೊಡೆಯುತ್ತಿದ್ದೇವೆಂದು ಅವರಿಗೆ ಗೊತ್ತಿಲ್ಲ. ಇಡೀ ಧಾರಾವಾಹಿಯಲ್ಲಿ ಕರುಳು ಹಿಂಡುವ ವಿವರ ಇದೇ ಎಂದು ನಮಗನಿಸುತ್ತದೆ.

ಪರೀಕ್ಷೆಯಲ್ಲಿ ಪ್ರತಿ ಸಲ ಸೋತ ಯಂತ್ರ ಕೊನೆಗೆ ಗೆದ್ದದ್ದು ಹೇಗೆ?

ಹೊರಗಿನ ಸಂಪರ್ಕ ತಪ್ಪಿಸಿದ ಪಂಜರದಲ್ಲಿ ಎರಡರ ನಕಲನ್ನು ಕಾದಾಡಿಸಿದಾಗ ಸಮ್ಯಾರಿಟನ್ನೇ ಗೆಲ್ಲುತ್ತಿತ್ತು. ಅಲ್ಲಿ ಕಾದಾಡಿದ್ದು ಫಿಂಚ್ ಕೈಕಟ್ಟಿದ ಯಂತ್ರ. ರೂಟ್ ಸತ್ತ ಮೇಲೆ ಅವನು ತಾನು ಹಾಕಿದ ಕಟ್ಟುಗಳನ್ನೇ ಬಿಚ್ಚುತ್ತಾನೆ. ಐಸ್-9 ವೈರಸ್ ಭೂಮಿಯ ಮೇಲೆ ಎರಡನ್ನೂ ಮುಗಿಸುತ್ತದೆ. ಉಪಗ್ರಹಕ್ಕೆ ತಪ್ಪಿಸಿಕೊಂಡ ಸಮ್ಯಾರಿಟನ್ ನಕಲು ಇಡೀ ಜಾಲದ ಬಲ ಕಳೆದುಕೊಂಡ ಒಂಟಿ. ಅದರ ಬೆನ್ನಿಗೆ ರೀಸ್ ಕಳಿಸಿದ್ದು ಕಟ್ಟು ಬಿಚ್ಚಿದ ಯಂತ್ರ. ಹಳೆಯ ಸೋಲುಗಳ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ನಮ್ಮಲ್ಲಿ ಇದನ್ನು ತಾಳಮದ್ದಳೆ ಹಾಗೆ ವಾದಕ್ಕೆ ಇಡಬೇಕು ಅಂತ ಇದೆ. ಹೇಗೆ ನಡೆಸೂದು?

ನಾಲ್ಕನೆಯ ಸೀಸನ್‌ನ 10ನೆಯ ಕಂತನ್ನು ಎಲ್ಲರೂ ಒಟ್ಟಿಗೆ ನೋಡಿ, ಅಲ್ಲಿಯೇ ನಿಲ್ಲಿಸಿ. ಮೂರು ಅರ್ಥಧಾರಿಗಳು ಸಾಕು: ಯಂತ್ರ, ಸಮ್ಯಾರಿಟನ್, ಫಿಂಚ್. ಮೊದಲ ಇಬ್ಬರಿಗೆ ತಲಾ ಹತ್ತು ನಿಮಿಷ, ಫಿಂಚ್‌ಗೆ ಐದು, ಆಮೇಲೆ ಇಪ್ಪತ್ತು ನಿಮಿಷ ಪರಸ್ಪರ ಸಂವಾದ. ಭಾಗವತರ ಜಾಗದಲ್ಲಿ ಕೂತವರು ಹೊತ್ತು ನೋಡಿಕೊಳ್ಳಬೇಕು, ಮಾತು ಹಳಿ ತಪ್ಪಿದಾಗ ಪ್ರಸಂಗಕ್ಕೆ ತರಬೇಕು. ಕಥೆಯಲ್ಲಿ ನಡೆದ ಘಟನೆಯ ಆಧಾರವಿಲ್ಲದೆ ಯಾವ ಮಾತೂ ಆಡಕೂಡದು.

ಸಾಮಾನ್ಯವಾಗಿ ಕೆಡುವುದು ಒಂದೇ ಕಡೆ. ಸಮ್ಯಾರಿಟನ್ ಅರ್ಥ ಹೇಳುವವರು ಬಣ್ಣದ ವೇಷದ ಹಾಗೆ ಅಟ್ಟಹಾಸಕ್ಕೆ ಇಳಿದುಬಿಡುತ್ತಾರೆ, ವಾದ ಐದು ನಿಮಿಷಕ್ಕೆ ಮುಗಿಯುತ್ತದೆ. ಆ ಪಾತ್ರವನ್ನು ಯಂತ್ರವನ್ನು ಅತಿ ಪ್ರೀತಿಸುವವರಿಗೇ ಕೊಡಿ, ಅಪರಾಧವಿಲ್ಲದ ಒಂದು ದಿನವನ್ನು ತಾನು ಕೊಟ್ಟು ತೋರಿಸಿದ್ದೇನೆ ಎಂಬಲ್ಲಿಂದ ಮೆಲುದನಿಯಲ್ಲಿ ಶುರು ಮಾಡಲು ಹೇಳಿ. ಆಗ ಎದುರಿಗೆ ಕೂತವರಿಗೆ ಉತ್ತರ ಹುಡುಕುವುದು ನಿಜವಾಗಿಯೂ ಕಷ್ಟವಾಗುತ್ತದೆ.